ಹೆಡ್ಸ್ ಅಪ್ ಪೋಕರ್: ಕೊನೇ ಎಲೆಗೆ ರಾಜನ ಜೋಡಿ ಇಟ್ಟುಕೊಂಡೂ ಆಟ ಬಿಟ್ಟುಕೊಟ್ಟು ಪ್ಯಾಕ್ ಮಾಡಿದೆ, ತಪ್ಪಾಯ್ತಾ?

ಬಟವಾಡಿ ಹುಡುಗ, ತುಮಕೂರು

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದೇ ಹ್ಯಾಂಡ್ ತಲೆಯಲ್ಲಿ ಸುತ್ತುತ್ತಿದೆ. ನಿದ್ದೆ ಬರುವ ಹೊತ್ತಿಗೆ ಮತ್ತೆ ನೆನಪಾಗುತ್ತದೆ. ಇಲ್ಲಿ ಲೆಕ್ಕ ಗೊತ್ತಿರುವವರು ಇದ್ದೀರಿ, ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾವು ದುಡ್ಡಿಗೆ ಆಡುವುದಿಲ್ಲ. ಭಾನುವಾರ ಸಂಜೆ ಮನೆ ಟೆರೇಸ್ ಮೇಲೆ ಆರು ಜನ ಸೇರುತ್ತೇವೆ. ಚಿಪ್ಸ್ ಬದಲು ಅಜ್ಜಿ ಚೌಕಾಬಾರಕ್ಕೆ ಅಂತ ಡಬ್ಬಿ ತುಂಬ ಎತ್ತಿಟ್ಟಿದ್ದ ಹುಣಸೆ ಬೀಜ ಮತ್ತು ಕವಡೆ. ಬೀಜಕ್ಕೆ 1, ಕವಡೆಗೆ 10. ಒಬ್ಬೊಬ್ಬರಿಗೆ 100, ಒಟ್ಟು 600. ಕೊನೆಗೆ ಉಳಿದದ್ದು ನಾನು ಮತ್ತು ನಮ್ಮ ಭಾವ, ಅಂದರೆ ಹೆಡ್ಸ್ ಅಪ್, ಇಬ್ಬರದೇ ಆಟ. ನನ್ನ ಹತ್ತಿರ 260, ಅವರ ಹತ್ತಿರ 340. ಬ್ಲೈಂಡ್ (ಎಲೆ ನೋಡುವ ಮುಂಚೆ ಹಾಕಲೇಬೇಕಾದದ್ದು) 5 ಮತ್ತು 10.

ಭಾವ ಬಟನ್‌ನಲ್ಲಿ (ಎಲೆ ಹಂಚುವವರ ಜಾಗದಲ್ಲಿ) ಇದ್ದರು, 25ಕ್ಕೆ ರೈಸ್ ಮಾಡಿದರು, ಅಂದರೆ ಏರಿಸಿದರು. ನನ್ನ ಕೈಗೆ ಬಂದ ಎರಡು ಎಲೆ ಆಟಿನ್ ರಾಜ, ಆಟಿನ್ 10. ಕಾಲ್ ಮಾಡಿದೆ. ಅಂದರೆ ನಾನೂ ಅಷ್ಟೇ ಹಾಕಿದೆ. ಪಾಟ್ (ನಡುವೆ ಸೇರಿದ ಒಟ್ಟು) 50.

ಫ್ಲಾಪ್ (ಇಬ್ಬರಿಗೂ ಸೇರಿ ನಡುವೆ ತೆರೆದಿಡುವ ಮೊದಲ ಮೂರು ಎಲೆ): ಇಸ್ಪೀಟ್ ರಾಜ, ಇಸ್ಪೀಟ್ 8, ಡೈಮಂಡ್ 4. ನಾನು ಚೆಕ್ (ಏನೂ ಹಾಕದೆ ಸರದಿ ಬಿಟ್ಟೆ), ಅವರು 20 ಹಾಕಿದರು, ನಾನು ಕಾಲ್. ಪಾಟ್ 90.

ಟರ್ನ್ (ನಾಲ್ಕನೇ ಎಲೆ): ಕಳಾವರ್ 7. ಚೆಕ್ ಮಾಡಿದೆ. ಅವರು 60 ಹಾಕಿದರು. ಸ್ವಲ್ಪ ಯೋಚಿಸಿ ಕಾಲ್ ಮಾಡಿದೆ. ಪಾಟ್ 210, ನನ್ನ ಹತ್ತಿರ ಉಳಿದದ್ದು 155.

ರಿವರ್ (ಐದನೇ, ಕೊನೇ ಎಲೆ): ಇಸ್ಪೀಟ್ 2. ನನಗೆ ಬೇಡವಾಗಿದ್ದ ಎಲೆ ಅದೇ. ಚೆಕ್ ಮಾಡಿದೆ. ಭಾವ ಒಂದು ಕ್ಷಣವೂ ತಡ ಮಾಡದೆ ಎರಡೂ ಕೈಯಲ್ಲಿ ಕವಡೆ ಎಲ್ಲ ಮುಂದೆ ತಳ್ಳಿ ಆಲ್ ಇನ್ ಅಂದರು.

ಭಾವ ಯಾರು ಅಂತ ಹೇಳಿದರೆ ನಿಮಗೆ ಅರ್ಥ ಆಗುತ್ತದೆ. ಮೂವತ್ತು ವರ್ಷದಿಂದ ಇಪ್ಪತ್ತೆಂಟು ಅನ್ನುವ ಎಲೆ ಆಟ ಆಡಿದವರು. ಎದುರಿನವರ ಕೈಯಲ್ಲಿ ಯಾವ ಎಲೆ ಇದೆ ಅಂತ ಐದನೇ ಪಟ್ಟಿಗೇ ಹೇಳಿಬಿಡುತ್ತಾರೆ. ಸುಮ್ನೆ ಹೆದರಿಸುವವರಲ್ಲ. ಇಸ್ಪೀಟ್ ಬಂತು, ಅವರಿಗೆ ಕಲರ್ (ಐದು ಇಸ್ಪೀಟ್) ಆಯ್ತು ಅಂದುಕೊಂಡು ಎರಡು ನಿಮಿಷ ಕೂತು ಪ್ಯಾಕ್ ಮಾಡಿದೆ. ಅವರು ಎಲೆ ತಿರುಗಿಸಿ ತೋರಿಸಿದರು. ಡೈಮಂಡ್ 10, ಡೈಮಂಡ್ 9. ಏನೂ ಇಲ್ಲ!

ಆಮೇಲೆ ನಾಲ್ಕು ಹ್ಯಾಂಡ್ ಆದ ಮೇಲೆ ಎಕ್ಕ-5 ಇಟ್ಟುಕೊಂಡು ಆಲ್ ಇನ್ ಹೋದೆ, ಅವರ ಹತ್ತಿರ 8ರ ಜೋಡಿ ಇತ್ತು, ಆಟ ಮುಗಿಯಿತು. ಅದರ ಬಗ್ಗೆ ನನಗೆ ಬೇಜಾರಿಲ್ಲ. ಆ ರಿವರ್ ಮಾತ್ರ ಬಿಡುತ್ತಿಲ್ಲ. ರಾಜನ ಜೋಡಿ ಇಟ್ಟುಕೊಂಡು ಬಿಟ್ಟದ್ದು ತಪ್ಪಾ? ಅವರು ಬ್ಲಫ್ ಮಾಡಿದ್ದರು ಅನ್ನುವುದು ಈಗ ಗೊತ್ತು, ಅದನ್ನು ಬದಿಗಿಟ್ಟು ಹೇಳಿ. ಆ ಕ್ಷಣದಲ್ಲಿ ನನಗೆ ಗೊತ್ತಿದ್ದಷ್ಟರಲ್ಲಿ ಸರಿಯೋ ತಪ್ಪೋ?

ಲೆಕ್ಕದ ಮೇಷ್ಟ್ರು, ಕೋಲಾರ

ಪ್ರಶ್ನೆ ಕೇಳಿದ ರೀತಿ ನನಗೆ ತುಂಬಾ ಇಷ್ಟವಾಯಿತು. ಎಲೆ ತೋರಿಸಿದ ಮೇಲೆ ಎಲ್ಲರೂ ಜಾಣರೇ. ಆದ್ದರಿಂದ ಅವರ 10-9 ಮರೆತು ಲೆಕ್ಕ ಹಾಕೋಣ.

ಪಾಟ್‌ನಲ್ಲಿ 210, ಅವರು ನಿಮ್ಮನ್ನು ಕೇಳಿದ್ದು 155. ಕಾಲ್ ಮಾಡಿದರೆ ಒಟ್ಟು ಪಾಟ್ 520. 155ನ್ನು 520ರಿಂದ ಭಾಗಿಸಿದರೆ ಸುಮಾರು ಶೇ 30. ಅಂದರೆ ಇದೇ ಪರಿಸ್ಥಿತಿ ಹತ್ತು ಸಲ ಬಂದು, ಅದರಲ್ಲಿ ಮೂರು ಸಲ ಭಾವನವರ ಕೈ ಖಾಲಿ ಇದ್ದರೆ ನಿಮಗೆ ನಷ್ಟವೂ ಇಲ್ಲ, ಲಾಭವೂ ಇಲ್ಲ. ಮೂರಕ್ಕಿಂತ ಜಾಸ್ತಿ ಇದ್ದರೆ ಕಾಲ್ ಸರಿ.

ಈಗ ಅವರ ಕೈಯಲ್ಲಿ ಏನಿರಬಹುದು ಅಂತ ಎಣಿಸಬೇಕು. ಬೋರ್ಡ್ ಮೇಲೆ ಮೂರು ಇಸ್ಪೀಟ್ ಇವೆ, ನಿಮ್ಮ ಕೈಯಲ್ಲಿ ಒಂದೂ ಇಲ್ಲ, ಉಳಿದದ್ದು 10. ಹತ್ತರಲ್ಲಿ ಎರಡನ್ನು ಆರಿಸುವ ಬಗೆ 45. ಅದು ಕಲರ್. 6-5 ಇದ್ದರೆ 4-5-6-7-8 ಸ್ಟ್ರೇಟ್ (ಸೀಕ್ವೆನ್ಸ್) ಆಗಿದೆ, ಅದು 16 ಬಗೆ, ಎರಡೂ ಇಸ್ಪೀಟ್ ಆಗಿರುವ ಒಂದನ್ನು ಕಲರ್‌ನಲ್ಲಿ ಆಗಲೇ ಎಣಿಸಿದ್ದೇವೆ, ಹಾಗಾಗಿ 15. ಒಟ್ಟು 60 ನಿಜವಾದ ಗಟ್ಟಿ ಕೈ. ಜೋಡಿ ರಾಜನ ಜೊತೆ ಎಕ್ಕ ಅಥವಾ ರಾಣಿ ಇದ್ದವರು ಇಸ್ಪೀಟ್ ಬಿದ್ದ ಮೇಲೆ ಹೆಚ್ಚಾಗಿ ಚೆಕ್ ಮಾಡಿ ಎಲೆ ತೋರಿಸುತ್ತಾರೆ, ಅದನ್ನು ಬಿಟ್ಟಿದ್ದೇನೆ.

ಇನ್ನು ಸೀಕ್ವೆನ್ಸ್‌ಗೆ ಕಾಯುತ್ತಿದ್ದು ತಪ್ಪಿದ ಕೈಗಳು. 10-9, ಗುಲಾಮ-10, 9-6, ಗುಲಾಮ-9. ನಿಮ್ಮ ಹತ್ತಿರ ಒಂದು 10 ಇರುವುದರಿಂದ 10-9 ಹನ್ನೆರಡೇ ಬಗೆ, ಅದರಲ್ಲಿ ಕಲರ್ ಆದದ್ದು ಒಂದು ಬಿಟ್ಟರೆ 11. ಗುಲಾಮ-10 ಕೂಡ 11. 9-6 ಮತ್ತು ಗುಲಾಮ-9 ತಲಾ 15. ಎಲ್ಲ ಸೇರಿ 52.

ಈ 52ರಲ್ಲಿ ಅರ್ಧದಷ್ಟನ್ನು, ಅಂದರೆ 26ನ್ನು ಮಾತ್ರ ಅವರು ಆಲ್ ಇನ್ ಹಾಕುತ್ತಾರೆ ಅಂದುಕೊಳ್ಳಿ. 60 ಗಟ್ಟಿ, 26 ಖಾಲಿ. ಒಟ್ಟು 86ರಲ್ಲಿ 26, ಅಂದರೆ ಶೇ 30. ಸರಿಯಾಗಿ ಗೆರೆಯ ಮೇಲೆ! ಹಾಗಾಗಿ ನನ್ನ ಉತ್ತರ ಇದು: ಭಾವ ತಪ್ಪಿದ ಕೈಗಳಲ್ಲಿ ಅರ್ಧಕ್ಕಿಂತ ಕಡಿಮೆ ಬ್ಲಫ್ ಮಾಡುವವರಾದರೆ ನಿಮ್ಮ ಪ್ಯಾಕ್ ಸರಿ. ಜಾಸ್ತಿ ಮಾಡುವವರಾದರೆ ತಪ್ಪು. ನೀವು ಹೇಳಿದ ಹಾಗೆ ಅವರು ಸುಮ್ನೆ ಹೆದರಿಸುವವರಲ್ಲ ಅಂದರೆ ನಿಮ್ಮ ಪ್ಯಾಕ್ ಸರಿಯಾಗಿತ್ತು.

ಒಂದು ಸಣ್ಣ ವಿಷಯ ನೋಡಿ. ನಿಮ್ಮ ಆ 10 ಆಟಿನ್ ಅಲ್ಲದೆ ಇಸ್ಪೀಟ್ ಆಗಿದ್ದರೆ? ಆಗ ಉಳಿದ ಇಸ್ಪೀಟ್ 9, ಕಲರ್ 45ರಿಂದ 36ಕ್ಕೆ ಇಳಿಯುತ್ತದೆ. ತಪ್ಪಿದ ಕೈಗಳು 54 ಆಗುತ್ತವೆ. ಅದೇ ಅರ್ಧದ ಲೆಕ್ಕದಲ್ಲಿ 51ಕ್ಕೆ 27, ಸುಮಾರು ಶೇ 35. ಆಗ ಕಣ್ಣು ಮುಚ್ಚಿ ಕಾಲ್. ಅದೇ ರಾಜ, ಅದೇ 10, ಬಣ್ಣ ಒಂದು ಬೇರೆ, ಉತ್ತರವೇ ಬೇರೆ. ಈ ಆಟದಲ್ಲಿ ನನಗೆ ಅತಿ ಪ್ರೀತಿ ಇದೇ.

ಕ್ಯಾತ್ಸಂದ್ರ ಕಾಲರ್

ಮೇಷ್ಟ್ರೇ ಲೆಕ್ಕ ಚೆನ್ನಾಗಿದೆ, ಆದರೆ ತೀರ್ಪು ನಾನು ಒಪ್ಪುವುದಿಲ್ಲ. ನೀವು ಭಾವನ ಕಡೆಯಿಂದ ಮಾತ್ರ ನೋಡಿದ್ದೀರಿ. ನಮ್ಮ ಹುಡುಗನ ಕಡೆಯಿಂದ ನೋಡಿ.

210 ಪಾಟ್‌ಗೆ 155 ಹಾಕಿದವನಿಗೆ, ಎದುರಿನವರು ನೂರರಲ್ಲಿ ಸುಮಾರು 43 ಸಲ ಬಿಟ್ಟುಕೊಟ್ಟರೆ ಸಾಕು, ಯಾವ ಎಲೆ ಇದ್ದರೂ ನಷ್ಟ ಇಲ್ಲ. ಹಾಗಾಗಿ ನಾವು 57 ಸಲವಾದರೂ ಕಾಲ್ ಮಾಡಬೇಕು. ಈಗ ಹುಡುಗ ಯೋಚಿಸಲಿ, ಫ್ಲಾಪ್‌ನಲ್ಲೂ ಟರ್ನ್‌ನಲ್ಲೂ ಕಾಲ್ ಮಾಡಿ ರಿವರ್‌ಗೆ ಬಂದಾಗ ಅವನ ಕೈಯಲ್ಲಿ ಏನೇನು ಇರಬಹುದು? 8ರ ಜೋಡಿ, 7ರ ಜೋಡಿ, ತಪ್ಪಿದ ಸೀಕ್ವೆನ್ಸ್, ಸಣ್ಣ ರಾಜ, ಕೆಲವು ಕಲರ್. ಅದೆಲ್ಲ ಸಾಲಾಗಿ ಇಟ್ಟರೆ ರಾಜ-10 ಮೇಲಿನ ಅರ್ಧದಲ್ಲೇ ಬರುತ್ತದೆ. ಅದನ್ನೂ ಬಿಟ್ಟರೆ ಇನ್ನು ಯಾವುದರಲ್ಲಿ ಕಾಲ್ ಮಾಡುತ್ತಾನೆ? ಬರೀ ಕಲರ್ ಇದ್ದಾಗ ಮಾತ್ರ ಕಾಲ್ ಮಾಡುವವನು ಅಂತ ಒಮ್ಮೆ ಗೊತ್ತಾದರೆ ಸಾಕು, ಎದುರಿನವರು ಪ್ರತಿ ಇಸ್ಪೀಟ್‌ಗೂ ದೋಚುತ್ತಾರೆ.

ಆರೇಳು ಜನರ ಟೇಬಲ್‌ನಲ್ಲಿ ಹೀಗೆ ಕಾಯಬಹುದು, ಬೇರೆ ಯಾರಾದರೂ ಕಾಲ್ ಮಾಡುತ್ತಾರೆ. ಇಬ್ಬರೇ ಇರುವಾಗ ಕಾವಲು ಕಾಯುವವರು ನಾವೊಬ್ಬರೇ. ಜೋಡಿ ಇಲ್ಲದ ಯಾವ ಎರಡು ಎಲೆ ಬಂದರೂ ಫ್ಲಾಪ್‌ನಲ್ಲಿ ಜೋಡಿ ಆಗುವುದು ಮೂರರಲ್ಲಿ ಒಂದು ಸಲ. ಅಂದರೆ ಮೂರರಲ್ಲಿ ಎರಡು ಸಲ ಎದುರಿನವರ ಕೈಯೂ ಖಾಲಿ. ಇಂಥ ಆಟದಲ್ಲಿ ರಾಜನ ಜೋಡಿ ದೊಡ್ಡದು ಗುರು.

ಇದನ್ನು ಓದುವಾಗ 2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಟೂರ್ನಿಯ ಮೇನ್ ಇವೆಂಟ್ ನೆನಪಾಯಿತು. ಕ್ರಿಸ್ ಮನಿಮೇಕರ್ ಮತ್ತು ಸ್ಯಾಮ್ ಫಾರ್ಹಾ ಇಬ್ಬರೇ ಉಳಿದಿದ್ದರು, 839 ಜನರಲ್ಲಿ. ಮನಿಮೇಕರ್ ಕೈಯಲ್ಲಿ ಇಸ್ಪೀಟ್ ರಾಜ, ಆಟಿನ್ 7. ಫಾರ್ಹಾ ಕೈಯಲ್ಲಿ ಇಸ್ಪೀಟ್ ರಾಣಿ, ಆಟಿನ್ 9. ಫ್ಲಾಪ್ ಇಸ್ಪೀಟ್ 9, ಡೈಮಂಡ್ 2, ಇಸ್ಪೀಟ್ 6. ಟರ್ನ್ ಇಸ್ಪೀಟ್ 8. ಫಾರ್ಹಾ ಬೆಟ್ ಮಾಡಿದರು, ಮನಿಮೇಕರ್ ರೈಸ್ ಮಾಡಿದರು, ಕಾಲ್ ಆಯಿತು. ರಿವರ್ ಆಟಿನ್ 3, ಏನೂ ಬರಲಿಲ್ಲ. ಮನಿಮೇಕರ್ ಬರೀ ರಾಜ ಇಟ್ಟುಕೊಂಡು ಆಲ್ ಇನ್ ಹಾಕಿದರು. ಫಾರ್ಹಾ ತುಂಬಾ ಹೊತ್ತು ಯೋಚಿಸಿ 9ರ ಜೋಡಿ ಬಿಟ್ಟುಬಿಟ್ಟರು. ಅದರ ನಂತರ ಕೊನೇ ಹ್ಯಾಂಡ್‌ನಲ್ಲಿ ಫಾರ್ಹಾ ಗುಲಾಮ-10, ಮನಿಮೇಕರ್ 5-4, ಫ್ಲಾಪ್ ಗುಲಾಮ-5-4. ಅಲ್ಲಿಗೆ 25 ಲಕ್ಷ ಡಾಲರ್ ಮನಿಮೇಕರ್ ಪಾಲಾಯಿತು.

ಎಲ್ಲರೂ ರಿವರ್ ಬ್ಲಫ್ ಹೊಗಳುತ್ತಾರೆ. ನನಗೆ ಟರ್ನ್ ರೈಸ್ ದೊಡ್ಡದು ಅನ್ನಿಸುತ್ತದೆ. ಎರಡೂ ಕೈ ತೆರೆದಿಟ್ಟು ಎಣಿಸಿ. ಮನಿಮೇಕರ್‌ಗೆ ಬೇಕಾದದ್ದು ಉಳಿದ 8 ಇಸ್ಪೀಟ್, ಇಸ್ಪೀಟ್ ಅಲ್ಲದ 5 ಮತ್ತು 10 ಸೇರಿ ಆರು, ಇನ್ನು ಮೂರು ರಾಜ. ಒಟ್ಟು 17 ಎಲೆ, ಉಳಿದ 44ರಲ್ಲಿ. ಸುಮಾರು ಶೇ 39. ಎದುರಿನವರು ಅಲ್ಲೇ ಬಿಟ್ಟರೂ ಸರಿ, ಕಾಲ್ ಮಾಡಿದರೂ ಗೆಲ್ಲುವ ದಾರಿ ಇದೆ. ಟರ್ನ್‌ನಲ್ಲಿ ಕಟ್ಟಿದ ಆ ಕಥೆ ಇಲ್ಲದಿದ್ದರೆ ರಿವರ್‌ನಲ್ಲಿ ಯಾರೂ ನಂಬುತ್ತಿರಲಿಲ್ಲ.

ಮತ್ತೆ ಮೇಷ್ಟ್ರ ಮಾತಿಗೇ ಬರುತ್ತೇನೆ. ಫಾರ್ಹಾ ಕೈಯಲ್ಲೇ ಇಸ್ಪೀಟ್ ರಾಣಿ ಇತ್ತು! ಕಲರ್ 45 ಅಲ್ಲ, 36 ಬಗೆ. ನಮ್ಮ ಹುಡುಗನಿಗಿಂತ ಅವರಿಗೆ ಕಾಲ್ ಮಾಡಲು ಒಳ್ಳೆ ಕಾರಣ ಇತ್ತು.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ನಾನು ಹೊಸಬ, ತಪ್ಪಾಗಿ ಕೇಳಿದರೆ ಕ್ಷಮಿಸಿ. ನಮ್ಮ ಕಡೆ ಮೂರೆಲೆ, ರಮ್ಮಿ ಬಿಟ್ಟರೆ ಬೇರೆ ಆಡಿಲ್ಲ. ಇಬ್ಬರೇ ಇದ್ದಾಗ ಬಟನ್ ಯಾರಿಗೆ, ಬ್ಲೈಂಡ್ ಯಾರು ಹಾಕಬೇಕು? ಇಲ್ಲಿ ಭಾವ ಬಟನ್ ಅಂದಿರಿ, ಅವರೇ ಮೊದಲು ರೈಸ್ ಮಾಡಿದರು, ಆಮೇಲೆ ಪ್ರತಿ ಸಲ ಇವರೇ ಮೊದಲು ಚೆಕ್ ಮಾಡುತ್ತಾರೆ. ಗೊಂದಲ ಆಯಿತು.

ಕ್ಯಾತ್ಸಂದ್ರ ಕಾಲರ್

ತಪ್ಪೇನಿಲ್ಲ ಸರ್, ಎಲ್ಲರಿಗೂ ಮೊದಲು ಇದೇ ಗೊಂದಲ. ಇಬ್ಬರೇ ಇದ್ದಾಗ ಬಟನ್ ಇರುವವರೇ ಸಣ್ಣ ಬ್ಲೈಂಡ್ ಹಾಕುತ್ತಾರೆ. ಫ್ಲಾಪ್‌ಗೆ ಮುಂಚೆ ಅವರೇ ಮೊದಲು ಆಡಬೇಕು. ಫ್ಲಾಪ್ ಬಂದ ಮೇಲೆ ಮೂರೂ ಸುತ್ತು ಅವರು ಕೊನೆಗೆ ಆಡುತ್ತಾರೆ. ಎದುರಿನವರು ಏನು ಮಾಡಿದರು ಅಂತ ನೋಡಿ ಆಡುವುದು ದೊಡ್ಡ ಅನುಕೂಲ, ಅದಕ್ಕೇ ಬಟನ್‌ನಲ್ಲಿ ಸಾಧಾರಣ ಎಲೆಗೂ ರೈಸ್ ಮಾಡುತ್ತಾರೆ. ಭಾವ 10-9ಕ್ಕೆ 25 ಹಾಕಿದ್ದರಲ್ಲಿ ಆಶ್ಚರ್ಯ ಇಲ್ಲ.

ಗುಬ್ಬಿ ಮೇಡಂ

ಎಲ್ಲರೂ ರಿವರ್ ಹಿಡಿದುಕೊಂಡು ಕೂತಿದ್ದೀರಿ. ನನ್ನ ಪ್ರಕಾರ ಈ ಹ್ಯಾಂಡ್ ಹಾಳಾದದ್ದು ಟರ್ನ್‌ನಲ್ಲಿ. ತಮ್ಮಾ, ನೀನೇ ಬರೆದಿದ್ದೀಯ, "ಸ್ವಲ್ಪ ಯೋಚಿಸಿ ಕಾಲ್ ಮಾಡಿದೆ" ಅಂತ. ಏನು ಯೋಚಿಸಿದೆ ಅಂತ ಬರೆದಿಲ್ಲ. ನನಗೆ ಬೇಕಿದ್ದದ್ದು ಅದೇ.

ಟರ್ನ್‌ನಲ್ಲಿ ಪಾಟ್ 90, ಭಾವ 60 ಹಾಕಿದರು, ನಿನ್ನ ಹತ್ತಿರ 215. ಕಾಲ್ ಮಾಡಿದರೆ ಪಾಟ್ 210 ಆಗುತ್ತದೆ, ನಿನಗೆ 155 ಉಳಿಯುತ್ತದೆ. ಪಾಟ್‌ಗಿಂತ ಕಡಿಮೆ. ಅಂದರೆ ರಿವರ್‌ನಲ್ಲಿ ಅವರು ಇನ್ನೊಂದು ಸಲ ಹಾಕಿದರೆ ಅದು ನಿನ್ನ ಪೂರ್ತಿ ಬೀಜದ ಪ್ರಶ್ನೆ ಅನ್ನುವುದು 60 ಎತ್ತಿ ಹಾಕುವ ಮುಂಚೆಯೇ ಗೊತ್ತಿರಬೇಕಿತ್ತು. ರಿವರ್ ಪ್ರಶ್ನೆಗೆ ಉತ್ತರ ಟರ್ನ್‌ನಲ್ಲೇ ಇಟ್ಟುಕೊಂಡಿರಬೇಕು. ಯಾವ ಎಲೆ ಬಂದರೆ ಕಾಲ್, ಯಾವ ಎಲೆ ಬಂದರೆ ಪ್ಯಾಕ್ ಅಂತ.

ಎಣಿಸಿ ನೋಡೋಣ. ನಿನಗೆ ಕಾಣದ ಎಲೆ 46. ಅದರಲ್ಲಿ ಇಸ್ಪೀಟ್ 11. ಇಸ್ಪೀಟ್ ಅಲ್ಲದ 5, 6, 9, ಗುಲಾಮ, ಇವು ಬಂದರೆ ಯಾವುದಾದರೂ ಸೀಕ್ವೆನ್ಸ್ ಆಗುತ್ತದೆ, ಅವು ತಲಾ ಮೂರು, ಒಟ್ಟು 12. ಸೇರಿಸಿದರೆ 23. ನಲವತ್ತಾರರಲ್ಲಿ ಸರಿಯಾಗಿ ಅರ್ಧ ನಿನಗೆ ಭಯ ಹುಟ್ಟಿಸುವ ಎಲೆಗಳೇ! ಭಯ ಬಂದಾಗೆಲ್ಲ ಬಿಟ್ಟುಕೊಡುವವನು ನೀನಾದರೆ ಆ 60ರ ಕಾಲ್ ಅರ್ಧ ಸಲ ನೀರಿಗೆ ಹಾಕಿದ ಹಾಗೆ.

ಹಾಗಾಗಿ ಎರಡೇ ದಾರಿ. ಒಂದು, ರಾಜ-10 ಇಟ್ಟುಕೊಂಡು ಹೆದರಿಸುವ ಎಲೆ ಬಂದರೂ ಕಾಲ್ ಮಾಡುತ್ತೇನೆ ಅಂತ ಗಟ್ಟಿ ಮನಸ್ಸು ಮಾಡಿ ಟರ್ನ್ ಕಾಲ್ ಮಾಡುವುದು. ಇನ್ನೊಂದು, ಟರ್ನ್‌ನಲ್ಲೇ 215 ಎತ್ತಿ ಆಲ್ ಇನ್ ಹೋಗುವುದು. ಆಗ ಭಾವ ಇನ್ನೂ 155 ಹಾಕಬೇಕು, 520ಕ್ಕೆ. ಅವರಿಗೂ ಅದೇ ಶೇ 30 ಬೇಕು. 10-9ಗೆ ಇದ್ದದ್ದು ನಾಲ್ಕು 6, ನಾಲ್ಕು ಗುಲಾಮ, 44ರಲ್ಲಿ 8, ಶೇ 18. ಬರೀ ಕಲರ್‌ಗೆ ಕಾಯುವವರಿಗೆ 9 ಎಲೆ, ಶೇ 20. ಇಬ್ಬರೂ ಬಿಡಬೇಕು. ಪಾಟ್‌ನಲ್ಲಿದ್ದ 150 ನಿನ್ನದು.

ನನಗೆ ಎರಡನೆಯದು ಹಿಡಿಸುತ್ತದೆ. 20-25 ಬ್ಲೈಂಡ್ ಇರುವಾಗ ಕಷ್ಟದ ಪ್ರಶ್ನೆ ನಾವೇ ಕೇಳಿಬಿಡಬೇಕು, ಕೇಳಿಸಿಕೊಳ್ಳಬಾರದು. ನಮ್ಮ ಮನೆಯಲ್ಲಿ ಅಕ್ಕ ತಂಗಿಯರು ಆಡುತ್ತೇವೆ, ಟರ್ನ್‌ಗೆ ಸುಮ್ನೆ ಕಾಲ್ ಮಾಡಿ ರಿವರ್‌ಗೆ ಕಣ್ಣೀರು ಹಾಕುವುದನ್ನು ಬೇಕಾದಷ್ಟು ನೋಡಿದ್ದೇನೆ.

ಲೆಕ್ಕದ ಮೇಷ್ಟ್ರು, ಕೋಲಾರ

ಮೇಡಂ, ಟರ್ನ್ ಮುಖ್ಯ ಅನ್ನುವುದನ್ನು ಪೂರ್ತಿ ಒಪ್ಪಿದೆ. ನಾನು ಅದನ್ನು ನೋಡಿರಲಿಲ್ಲ. 23 ಎಲೆಯ ಲೆಕ್ಕ ಕೂಡ ಸರಿ ಇದೆ, ನಾನೂ ಎಣಿಸಿದೆ.

ಆದರೆ ಆಲ್ ಇನ್ ಹೋದರೆ ಯಾರು ಕಾಲ್ ಮಾಡುತ್ತಾರೆ ಅಂತಲೂ ಕೇಳಬೇಕು ಅಲ್ವಾ? ರಾಜ-ಎಕ್ಕ, ರಾಜ-ರಾಣಿ, ರಾಜ-ಗುಲಾಮ, 6-5ರ ಸ್ಟ್ರೇಟ್, ಮೂರು 8. ನಮ್ಮನ್ನು ಸೋಲಿಸುವವರೇ ಜಾಸ್ತಿ. ಖಾಲಿ ಕೈ ಇದ್ದವರನ್ನು ಟರ್ನ್‌ನಲ್ಲೇ ಓಡಿಸಿಬಿಟ್ಟರೆ ಅವರು ರಿವರ್‌ನಲ್ಲಿ ಹಾಕಬಹುದಾಗಿದ್ದ 155 ನಮಗೆ ಸಿಗುವುದಿಲ್ಲ. ನನ್ನ ಮಟ್ಟಿಗೆ ಕಾಲ್ ದಾರಿಯೇ ಮೇಲು, ಆದರೆ ನೀವು ಹೇಳಿದ ಷರತ್ತಿನ ಮೇಲೆ. ಮೊದಲೇ ಮನಸ್ಸು ಮಾಡಿರಬೇಕು.

ಹಗಲು ರಾತ್ರಿ, ತಿಪಟೂರು

ಒಳ್ಳೇ ಚರ್ಚೆ. ಒಂದು ವಿಷಯ ಸೇರಿಸುತ್ತೇನೆ, ಯಾಕೆಂದರೆ "ನಮ್ಮ ಭಾವ ಬ್ಲಫ್ ಮಾಡುವವರಲ್ಲ" ಅನ್ನುವ ಮಾತಿನ ಮೇಲೇ ಎಲ್ಲ ನಿಂತಿದೆ.

2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನ ಒಂದು ಕ್ಯಾಸಿನೋದಲ್ಲಿ ಲಿಬ್ರಾಟಸ್ ಅನ್ನುವ ಕಂಪ್ಯೂಟರ್ ಪ್ರೋಗ್ರಾಂ ನಾಲ್ಕು ಜನ ಹೆಡ್ಸ್ ಅಪ್ ಪರಿಣತರ ಜೊತೆ ಆಡಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಟುವೊಮಾಸ್ ಸಾಂಡ್‌ಹೋಮ್ ಮತ್ತು ನೋಮ್ ಬ್ರೌನ್ ಮಾಡಿದ್ದು. 20 ದಿನ, 1,20,000 ಹ್ಯಾಂಡ್. ಬ್ಲೈಂಡ್ 50 ಮತ್ತು 100, ಪ್ರತಿ ಹ್ಯಾಂಡ್‌ಗೂ ಇಬ್ಬರಿಗೂ 20,000 ಚಿಪ್ಸ್. ಕೊನೆಗೆ ಪ್ರೋಗ್ರಾಂ 17,66,250 ಚಿಪ್ಸ್ ಮುಂದಿತ್ತು. ಅದಕ್ಕೆ ಎರಡು ವರ್ಷ ಮುಂಚೆ, 2015ರಲ್ಲಿ, ಅದೇ ಕಡೆಯ ಕ್ಲಾಡಿಕೋ ಅನ್ನುವ ಪ್ರೋಗ್ರಾಂ 80,000 ಹ್ಯಾಂಡ್ ಆಡಿ ಮನುಷ್ಯರಿಗೆ ಸೋತಿತ್ತು.

ಲಿಬ್ರಾಟಸ್ ಆಟದಲ್ಲಿ ಆಡಿದವರನ್ನು ಕಂಗೆಡಿಸಿದ್ದು ಒಂದು ವಿಷಯ. ಪಾಟ್‌ಗಿಂತ ತುಂಬಾ ದೊಡ್ಡ ಬೆಟ್ ಹಾಕುತ್ತಿತ್ತು, ಗಟ್ಟಿ ಕೈಯಲ್ಲೂ ಖಾಲಿ ಕೈಯಲ್ಲೂ. ಅದಕ್ಕೆ ಎದುರಿನವರ ಸ್ವಭಾವ ಗೊತ್ತಿಲ್ಲ, ಮುಖ ನೋಡುವುದಿಲ್ಲ, ಇವರು ಹೆದರುತ್ತಾರಾ ಅಂತ ಯೋಚಿಸುವುದಿಲ್ಲ. ಬರೀ ಸಮತೋಲನ. ಆಡುವವರು ರಾತ್ರಿ ಕೂತು ಅದರ ದೋಷ ಹುಡುಕುತ್ತಿದ್ದರು, ಅದೂ ರಾತ್ರಿಯಲ್ಲಿ ಅವರು ತೋರಿಸಿಕೊಟ್ಟ ತೂತುಗಳನ್ನೇ ಮುಚ್ಚಿಕೊಳ್ಳುತ್ತಿತ್ತು. ನಮ್ಮ ಹುಡುಗನೂ ಮೂರು ದಿನದಿಂದ ಮಾಡುತ್ತಿರುವುದು ಅದೇ ಕೆಲಸ, ಅದಕ್ಕೆ ನನಗೆ ಗೌರವ ಇದೆ.

ಮನುಷ್ಯರ ಆಟದಲ್ಲಿ ಸ್ವಭಾವ ನೋಡುವುದು ತಪ್ಪಲ್ಲ. ಆದರೆ ಆರು ಜನ ಇರುವಾಗ ಭಾವ ಹೇಗೆ ಆಡುತ್ತಾರೆ ಅನ್ನುವುದನ್ನು ನೋಡಿ, ಇಬ್ಬರೇ ಇರುವಾಗಲೂ ಹಾಗೇ ಆಡುತ್ತಾರೆ ಅಂದುಕೊಂಡದ್ದು ಇಲ್ಲಿ ಎಡವಿದ ಜಾಗ. ಇಪ್ಪತ್ತೆಂಟರಲ್ಲಿ ಕೂಗುವ ಲೆಕ್ಕ ಗೊತ್ತಿರುವವರು, ಜೊತೆಯವರು ಇಲ್ಲದಾಗ ಎಷ್ಟು ಧೈರ್ಯ ಮಾಡಬೇಕು ಅಂತಲೂ ತಿಳಿದವರೇ.

ಇನ್ನೊಂದು ಮಾತು. ಒಂದು ಹ್ಯಾಂಡ್ ನೋಡಿ ಯಾರು ಒಳ್ಳೆ ಆಟಗಾರ ಅಂತ ಹೇಳಲು ಆಗುವುದಿಲ್ಲ. ಡಗ್ ಪೋಲ್ಕ್ ಮತ್ತು ಡೇನಿಯಲ್ ನೆಗ್ರೆಯಾನು ಅನ್ನುವ ಪೋಕರ್ ಆಟಗಾರರು ಇಬ್ಬರೇ 2020ರ ನವೆಂಬರ್‌ನಿಂದ 2021ರ ಫೆಬ್ರವರಿವರೆಗೆ 25,000 ಹ್ಯಾಂಡ್ ಆಡಿದರು, ಬ್ಲೈಂಡ್ 200 ಮತ್ತು 400 ಡಾಲರ್. ಪೋಲ್ಕ್ ಸುಮಾರು 12 ಲಕ್ಷ ಡಾಲರ್ ಗೆದ್ದರು. ಕೇಳಲು ದೊಡ್ಡದು. ಆದರೆ ದೊಡ್ಡ ಬ್ಲೈಂಡ್ ಲೆಕ್ಕದಲ್ಲಿ ನೂರು ಹ್ಯಾಂಡ್‌ಗೆ 12, ಅಷ್ಟೇ. ಅಷ್ಟು ಆಡಿದ ಮೇಲೂ ಎಲೆ ಬಂದದ್ದೆಷ್ಟು, ಆಟ ಎಷ್ಟು ಅಂತ ಜನ ವಾದ ಮಾಡಿದರು. ನೀನು ಒಂದು ರಿವರ್‌ಗೆ ನಿದ್ದೆ ಕೆಡಿಸಿಕೊಂಡಿದ್ದೀಯ.

ದುಡ್ಡಿಲ್ಲದೆ ಆಡುತ್ತಿದ್ದೀರಲ್ಲ, ಹಾಗೇ ಇರಲಿ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಅದಕ್ಕೂ ಮುಂಚೆ ನನ್ನ ಗೆಳೆಯನೊಬ್ಬ ಫೋನ್‌ನಲ್ಲಿ ರಾತ್ರಿಯೆಲ್ಲ ಆಡಿ ಕೊಬ್ಬರಿ ಮಾರಿದ ದುಡ್ಡು ಕಳೆದುಕೊಂಡ. ಅವನು ಇವತ್ತಿಗೂ ಎಲೆ ಮುಟ್ಟುವುದಿಲ್ಲ. ಹುಣಸೆ ಬೀಜದಲ್ಲಿ ಆಡಿದರೆ ಲೆಕ್ಕ ಕಲಿಯಬಹುದು, ಮನೆ ಉಳಿಯುತ್ತದೆ.

ಬಟವಾಡಿ ಹುಡುಗ, ತುಮಕೂರು

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಕಾಳಜಿಯಿಂದ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಮೇಷ್ಟ್ರ ಲೆಕ್ಕವನ್ನು ಎಲೆ ಹರಡಿಕೊಂಡು ಒಂದೊಂದೇ ಎಣಿಸಿದೆ, ಎಲ್ಲ ಸರಿ ಬಂತು.

ಮೇಡಂ ಕೇಳಿದ ಪ್ರಶ್ನೆಗೆ ನಿಜ ಹೇಳುತ್ತೇನೆ. ಟರ್ನ್‌ನಲ್ಲಿ ನಾನು ಯೋಚಿಸಿದ್ದು "60 ತಾನೇ, ರಾಜ ಇದೆ, ನೋಡೋಣ" ಅಂತ. ರಿವರ್ ಬಗ್ಗೆ ಒಂದು ಕ್ಷಣವೂ ಯೋಚಿಸಲಿಲ್ಲ. ರಿವರ್‌ನಲ್ಲಿ ಎರಡು ನಿಮಿಷ ಕೂತದ್ದು ಅದಕ್ಕೇ. ಆ ಎರಡು ನಿಮಿಷ ಟರ್ನ್‌ನಲ್ಲಿ ಕೂರಬೇಕಿತ್ತು.

ಇವತ್ತು ಬೆಳಿಗ್ಗೆ ಭಾವನ ಜೊತೆ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿಗೆ ಹೋಗಿದ್ದೆ. ಕೇಳಿಯೇ ಬಿಟ್ಟೆ, "ಭಾವ, ಆವತ್ತು ಇಸ್ಪೀಟ್ ಬರದೇ ಇದ್ದಿದ್ದರೆ ಏನು ಮಾಡುತ್ತಿದ್ದಿರಿ?" ಅಂತ. ಅವರು ಇಡ್ಲಿ ಮುರಿಯುತ್ತಾ, "ಚೆಕ್ ಮಾಡಿ ಎಲೆ ಕೆಳಗಿಡುತ್ತಿದ್ದೆ. ಟರ್ನ್‌ನಲ್ಲಿ ನೀನು ಕಾಲ್ ಮಾಡಿದಾಗ ನಿನ್ನ ಹತ್ತಿರ ರಾಜ ಇದೆ ಅಂತ ಗೊತ್ತಾಯಿತು. ಇಸ್ಪೀಟ್ ಬಿದ್ದ ತಕ್ಷಣ ನೀನು ಬೋರ್ಡ್ ನೋಡಿ ನಿನ್ನ ಬೀಜ ನೋಡಿಕೊಂಡೆ. ಅಲ್ಲೇ ಹಾಕಿದೆ" ಅಂದರು.

ನನಗೆ ಗೊತ್ತೇ ಇರಲಿಲ್ಲ ನಾನು ಹಾಗೆ ನೋಡಿಕೊಂಡೆ ಅಂತ.

ಗುಬ್ಬಿ ಮೇಡಂ

ಇದು ಬಂಗಾರದಂಥ ಮಾತು ತಮ್ಮಾ, ಬರೆದಿಟ್ಟುಕೋ. ಇಸ್ಪೀಟ್‌ಗೆ ಮಾತ್ರ ಹೆದರಿಸುತ್ತಾರೆ, ಬೇರೆ ಎಲೆಗೆ ಚೆಕ್ ಮಾಡುತ್ತಾರೆ ಅಂದರೆ, ಯಾವ ಸಂಬಂಧವೂ ಇಲ್ಲದ ಎಲೆ ಬಂದಾಗ ಅವರು ಹಾಕಿದರೆ ಅದು ನಿಜ. ಅಲ್ಲಿ ಬಿಟ್ಟುಬಿಡು. ಹೆದರಿಸುವ ಎಲೆಗೆ ಹಾಕಿದರೆ ಕಾಲ್ ಮಾಡು. ಮೊನ್ನೆ ನೀನು ಮಾಡಿದ್ದಕ್ಕೆ ಪೂರ್ತಿ ಉಲ್ಟಾ. ಆದರೆ ಅವರು ಈ ಮಾತು ನಿನಗೆ ಹೇಳಿದ್ದಾರೆ ಅನ್ನುವುದು ಅವರಿಗೂ ನೆನಪಿರುತ್ತದೆ, ಹಾಗಾಗಿ ಒಂದೆರಡು ವಾರ ಮಾತ್ರ ಇದು ನಡೆಯುತ್ತದೆ.

ಲೆಕ್ಕದ ಮೇಷ್ಟ್ರು, ಕೋಲಾರ

ಹಾಗಾದರೆ 52ರಲ್ಲಿ ಅರ್ಧ ಅನ್ನುವ ನನ್ನ ಊಹೆ ಕಡಿಮೆಯಾಯಿತು. ಇಸ್ಪೀಟ್ ಬಿದ್ದಾಗ 40 ಹಾಕುತ್ತಾರೆ ಅಂದುಕೊಂಡರೂ 100ಕ್ಕೆ 40. ಭಾವನವರ ಮೇಲೆ ಅದು ಕಾಲ್. ನನ್ನ ತೀರ್ಪು ಬದಲಾಯಿಸಿದೆ. ಕ್ಯಾತ್ಸಂದ್ರದವರು ಹೇಳಿದ್ದು ಸರಿ.

ಬಟವಾಡಿ ಹುಡುಗ, ತುಮಕೂರು

ಬರುವ ಭಾನುವಾರ ಎಲ್ಲರಿಗೂ 200 ಕೊಟ್ಟು, ಬ್ಲೈಂಡ್ 1 ಮತ್ತು 2ರಿಂದ ಶುರು ಮಾಡುತ್ತಿದ್ದೇವೆ, ಟರ್ನ್ ಯೋಚಿಸಲು ಜಾಗ ಇರಲಿ ಅಂತ. ಬೀಜ ಸಾಲದು. ಅಜ್ಜಿ ಹುಣಸೆಹಣ್ಣು ಕುಟ್ಟಲು ಕೂತಿದ್ದಾರೆ, ನಾನೂ ಪಕ್ಕದಲ್ಲಿ ಕೂತು ಬೀಜ ಬಿಡಿಸುತ್ತಿದ್ದೇನೆ.